ಹಲ್ಲು ತುಂಬುವ ವಿದ್ಯೆ: ಒಂದು ಸಮೀಕ್ಷೆ

ಮುರಿದ ಮೂಳೆ ಕಾಲಕ್ರಮದಲ್ಲಿ ಕೂಡಿಕೊಳ್ಳುತ್ತದೆ. ಹರಿದ ಚರ್ಮ ಮಾಯುತ್ತದೆ. ಯಕೃತ್ತಾದರೋ ಕತ್ತರಿಸಿ ತೆಗೆದ ಭಾಗವನ್ನೂ ಮತ್ತೆ ಬೆಳೆಸಿಕೊಳ್ಳಬಲ್ಲದು. ಆದರೆ ಶರೀರದಲ್ಲೆಲ್ಲ ಅತ್ಯಂತ ಕಠಿನವೆನಿಸಿಕೊಂಡ ಎನಾಮೆಲಿಗೆ, ಅಂದರೆ ಹಲ್ಲಿನ ಹೊರಕವಚಕ್ಕೆ, ಈ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡನ್ನು ಸೀಳಿಕೊಂಡು ಬಾಯೊಳಕ್ಕೆ ಬರುವ ಹೊತ್ತಿಗೇ ಅಳಿದುಹೋಗುವುದರಿಂದ, ಆರನೆಯ ವಯಸ್ಸಿನಲ್ಲಿ ಮೂಡಿದ ದವಡೆಹಲ್ಲು ಎಪ್ಪತ್ತನೆಯ ವಯಸ್ಸಿನವರೆಗೂ ಅದೇ ಬಂಡವಾಳದಲ್ಲಿ ಬಾಳಬೇಕಾಗುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ ಆಗಿರುವ ಈ ಕವಚ, ಬಾಯೊಳಗೆ ಆಮ್ಲತೆ ಏರಿ ಪಿಎಚ್ ಅಂಕ ಸುಮಾರು 5.5ಕ್ಕಿಂತ ಕೆಳಗಿಳಿದಾಗಲೆಲ್ಲ ಅಷ್ಟಷ್ಟಾಗಿ ಕರಗುತ್ತದೆ. ಲಾಲಾರಸವು ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳನ್ನು ಮರಳಿ ಒದಗಿಸಿ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದೂ ಉಂಟು. ಆದರೆ ಮೇಲ್ಮೈ ಕುಸಿದು ಒಮ್ಮೆ ಕುಳಿ ಬಿತ್ತೆಂದರೆ, ಹೊರಗಿನಿಂದ ಏನನ್ನಾದರೂ ತಂದು ಅಲ್ಲಿ ತುಂಬುವುದೊಂದೇ ದಾರಿ.

ಏನನ್ನು ತುಂಬಬೇಕು, ತುಂಬಿದ್ದು ಬೀಳದಂತೆ ಹೇಗೆ ನಿಲ್ಲಿಸಬೇಕು ಎಂಬ ಎರಡು ಪ್ರಶ್ನೆಗಳ ಸುತ್ತ ಕಳೆದ ಇನ್ನೂರು ವರ್ಷಗಳಿಂದ ನಡೆದುಬಂದಿರುವ ಶೋಧನೆ ಅಪಾರವಾದದ್ದು. ಬೇಕಾದ ದ್ರವ್ಯದ ಲಕ್ಷಣಗಳನ್ನು ಹೇಳುವುದು ಸುಲಭ: ಅದು ಅಗಿಯುವ ಒತ್ತಡವನ್ನು ತಾಳಬೇಕು, ಎದುರುಹಲ್ಲನ್ನು ಸವೆಸಬಾರದು, ಬಿಸಿ ಕಾಫಿಗೂ ತಣ್ಣನೆಯ ನೀರಿಗೂ ಹಲ್ಲು ಹಿಗ್ಗಿ ಕುಗ್ಗುವಷ್ಟೇ ಹಿಗ್ಗಿ ಕುಗ್ಗಬೇಕು, ಹಲ್ಲಿನ ತಿರುಳಿಗೆ ವಿಷವಾಗಕೂಡದು, ಸದಾ ಒದ್ದೆಯಾಗಿರುವ ಗುಹೆಯಲ್ಲಿ ದಶಕಗಳ ಕಾಲ ಕೊಳೆಯದೆ ಇರಬೇಕು, ಇಷ್ಟೆಲ್ಲ ಆದಮೇಲೆ, ಹಲ್ಲಿನಂತೆಯೇ ಕಾಣಲೂ ಬೇಕು. ಇಂಥ ಸರ್ವಗುಣಸಂಪನ್ನ ದ್ರವ್ಯ ಇಂದಿಗೂ ದೊರೆತಿಲ್ಲ. ದೊರೆತಿರುವುದು ಮತ್ತೊಂದು. ವಸ್ತುವಿಗೆ ಹೊಂದುವಂತೆ ಹಲ್ಲನ್ನು ಕೊರೆಯುತ್ತಿದ್ದ ಪದ್ಧತಿ ಹಿಂದೆ ಸರಿದು, ಹಲ್ಲಿಗೆ ಹೊಂದುವಂತೆ ವಸ್ತುವನ್ನು ರಚಿಸುವ ಪದ್ಧತಿ ಮುಂದೆ ಬಂದಿದೆ. ನನ್ನ ಅಭಿಪ್ರಾಯದಲ್ಲಿ ಈ ಕ್ಷೇತ್ರದ ಯಾವ ಹೊಸ ದ್ರವ್ಯದ ಯೋಗ್ಯತೆಯನ್ನಾದರೂ ಅಳೆಯತಕ್ಕದ್ದು, ಅದು ಎಷ್ಟು ನಿಜದಂತವನ್ನು ಕೊರೆಯದೆ ಉಳಿಸಿತು ಎಂಬ ಒಂದೇ ಅಳತೆಗೋಲಿನಿಂದ.

ಪಾದರಸದಿಂದ ಆರಂಭಿಸೋಣ. ಬೆಳ್ಳಿ ತವರಗಳ ಪುಡಿಯನ್ನು ಪಾದರಸದೊಂದಿಗೆ ಅರೆದರೆ ಮೆತ್ತನೆಯ ಮುದ್ದೆಯೊಂದು ಸಿದ್ಧವಾಗಿ, ಕುಳಿಯೊಳಗೆ ಒತ್ತಿದ ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆಂಬ ಸಂಗತಿಯನ್ನು ಚೀನದ ವೈದ್ಯರು ಏಳನೆಯ ಶತಮಾನದಲ್ಲಿಯೇ ಅರಿತಿದ್ದರು. ಯೂರೋಪಿನಲ್ಲಿ ಇದು ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಪ್ಯಾರಿಸಿನ ತಾವೋ ಎಂಬಾತನು ಬೆಳ್ಳಿ ನಾಣ್ಯಗಳನ್ನು ಅರದಿಂದ ಉಜ್ಜಿದ ಪುಡಿಯಿಂದ. 1833ರಲ್ಲಿ ಕ್ರಾಕೂರ್ ಸಹೋದರರು ಇದನ್ನು ‘ರಾಜಯೋಗ್ಯ ಖನಿಜ’ವೆಂಬ ಅರ್ಥದ ಭಾರಿ ಹೆಸರಿನಿಂದ ನ್ಯೂಯಾರ್ಕಿಗೆ ಕೊಂಡೊಯ್ದು, ಹುಳುಕನ್ನು ಸರಿಯಾಗಿ ತೆಗೆಯದೆಯೇ ತುಂಬಿ ಹಣಗಳಿಸತೊಡಗಿದುದರಿಂದ, ಚಿನ್ನದ ರೇಕಿನಿಂದ ಗಂಟೆಗಟ್ಟಲೆ ಶ್ರಮಪಟ್ಟು ಹಲ್ಲು ತುಂಬುತ್ತಿದ್ದ ಅಲ್ಲಿಯ ದಂತವೈದ್ಯರು ಕೆರಳಿದರು. 1840ರಲ್ಲಿ ಸ್ಥಾಪಿತವಾದ ಅಮೆರಿಕದ ದಂತಶಸ್ತ್ರವೈದ್ಯರ ಸಂಘವು ತನ್ನ ಸದಸ್ಯರಿಂದ ಪಾದರಸಮಿಶ್ರವನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನೇ ಬರೆಸಿಕೊಂಡಿತು; ಕಡೆಗೆ ಅಮಾಲ್ಗಮ್ ಎಂಬ ಆ ಮಿಶ್ರವೇ ಉಳಿಯಿತು, 1856ರಲ್ಲಿ ಸಂಘವೇ ವಿಸರ್ಜನೆಯಾಯಿತು. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಒಂದು ಕುಳಿಯ ಭರ್ತಿಗಾಗಿ ಇಷ್ಟೊಂದು ಪ್ರತಿಜ್ಞೆ ಉಚ್ಚಾಟನೆಗಳು ನಡೆದದ್ದು ವಿರಳವೆನ್ನಬೇಕು.

ಈ ದ್ರವ್ಯಕ್ಕೆ ಶಾಸ್ತ್ರದ ಸ್ಥಾನವನ್ನು ಕೊಟ್ಟವನು ಶಿಕಾಗೊ ನಗರದ ಜಿ. ವಿ. ಬ್ಲ್ಯಾಕ್. ಮಿಶ್ರಲೋಹದ ಪ್ರಮಾಣಗಳನ್ನು ಅವನು 1890ರ ದಶಕದಲ್ಲಿ ನಿಷ್ಕರ್ಷಿಸಿದ ಮೇಲೆ, ಹಿಗ್ಗುವ ಕುಗ್ಗುವ ಚಾಪಲ್ಯವನ್ನು ಬಿಟ್ಟು ಅಮಾಲ್ಗಮ್ ನಂಬಿಕೆಗೆ ಅರ್ಹವಾಯಿತು. ಆದರೆ ಅಮಾಲ್ಗಮಿಗೆ ಹಲ್ಲನ್ನು ಹಿಡಿದುಕೊಳ್ಳುವ ಶಕ್ತಿ ಲವಲೇಶವೂ ಇಲ್ಲ. ಆದುದರಿಂದ ಕುಳಿಯನ್ನು ಒಳಗೆ ಅಗಲವಾಗಿ, ಬಾಯಲ್ಲಿ ಕಿರಿದಾಗಿ ಕೊರೆದು ಅದನ್ನು ಅಲ್ಲಿ ಸೆರೆಯಲ್ಲಿಡಬೇಕಾಗಿತ್ತು. ಇಷ್ಟು ಸಾಲದೆಂಬಂತೆ, ಮುಂದೆ ಹುಳುಕು ಹಿಡಿದೀತೆಂಬ ಭಯದಿಂದ ಪಕ್ಕದ ಗೆರೆಗಳನ್ನೂ ಸೇರಿಸಿ ಕೊರೆದುಬಿಡಬೇಕೆಂಬ ‘ರಕ್ಷಣೆಗಾಗಿ ವಿಸ್ತರಣೆ’ಯ ಸೂತ್ರವನ್ನು ಬ್ಲ್ಯಾಕ್ ಬೋಧಿಸಿದನು. ಅವನ ಕಾಲದಲ್ಲಿ ಹಲ್ಲುಜ್ಜುವ ಅಭ್ಯಾಸವೂ ಫ್ಲೋರೈಡಿನ ಜ್ಞಾನವೂ ಜನಸಾಮಾನ್ಯರಲ್ಲಿ ಇರಲಿಲ್ಲವೆಂಬುದನ್ನು ನೆನೆದರೆ ಆ ಸೂತ್ರವನ್ನು ಹಳಿಯುವುದು ನ್ಯಾಯವಾಗಲಾರದು. ಆದರೆ ಅದು ತನ್ನ ಕಾಲವನ್ನು ಮೀರಿ ಮುಕ್ಕಾಲು ಶತಮಾನ ಬದುಕಿದುದರ ಫಲವಾಗಿ ಎಷ್ಟು ಆರೋಗ್ಯವಂತ ದಂತಭಾಗ ಪುಡಿಯಾಗಿ ಹೋಯಿತೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ.

1963ರಲ್ಲಿ ಕೆನಡದ ಇನ್ನೆಸ್ ಮತ್ತು ಯೂಡೆಲಿಸ್ ಎಂಬವರು ತಾಮ್ರದ ಪಾಲನ್ನು ಹೆಚ್ಚಿಸಿ, ತವರ ಪಾದರಸಗಳು ಕೂಡಿ ಆಗುವ ದುರ್ಬಲ ಸಂಯುಕ್ತವನ್ನು ನಿವಾರಿಸಿದ ಮೇಲೆ ಅಮಾಲ್ಗಮಿನ ಆಯುಸ್ಸು ಇನ್ನೂ ಬೆಳೆಯಿತು. ಹೊಸದಾಗಿ ತುಂಬಿದ ಅಮಾಲ್ಗಮಿನ ತೂಕದಲ್ಲಿ ಹತ್ತಿರಹತ್ತಿರ ಅರ್ಧಪಾಲು ಪಾದರಸವೇ ಆಗಿರುವುದರಿಂದ, ಇದು ನರಮಂಡಲಕ್ಕೆ ಕೇಡು ಮಾಡೀತೆಂಬ ಶಂಕೆ ಆಗಾಗ ತಲೆಯೆತ್ತುತ್ತಲೇ ಬಂದಿದೆ. ಈ ಶಂಕೆಯನ್ನು ಪರೀಕ್ಷಿಸಲು ನ್ಯೂ ಇಂಗ್ಲೆಂಡ್ ಪ್ರಾಂತದ 534 ಮಕ್ಕಳ ಮೇಲೂ ಲಿಸ್ಬನ್ನಿನ 507 ಮಕ್ಕಳ ಮೇಲೂ ವರ್ಷಾನುಗಟ್ಟಲೆ ನಡೆದ ಎರಡು ಪ್ರಯೋಗಗಳ ಫಲಿತಾಂಶ 2006ರಲ್ಲಿ ಒಟ್ಟಿಗೆ ಪ್ರಕಟವಾಯಿತು. ಅಮಾಲ್ಗಮ್ ತುಂಬಿಸಿಕೊಂಡವರ ಬುದ್ಧಿ, ಸ್ಮೃತಿ, ನರವ್ಯಾಪಾರಗಳಲ್ಲಿ ಯಾವ ಕುಂದೂ ಕಂಡುಬರಲಿಲ್ಲ. ಹಾಗಿದ್ದರೂ ಅಮಾಲ್ಗಮ್ ಇಂದು ನಿರ್ಗಮನದ ಹಾದಿಯಲ್ಲಿದೆ. ಚಿಕಿತ್ಸಾಲಯಗಳ ಮೋರಿಯಿಂದಲೂ ಚಿತಾಗಾರಗಳ ಹೊಗೆಯಿಂದಲೂ ಪಾದರಸವು ನೀರನ್ನೂ ಗಾಳಿಯನ್ನೂ ಸೇರುವುದೆಂಬ ಕಾರಣದಿಂದ, 2013ರ ಮಿನಮಾಟ ಒಪ್ಪಂದವು ಅದರ ಬಳಕೆಯನ್ನು ಕ್ರಮಕ್ರಮವಾಗಿ ತಗ್ಗಿಸಬೇಕೆಂದು ವಿಧಿಸಿತು. ಯೂರೋಪಿನ ಒಕ್ಕೂಟದಲ್ಲಿ 2025ರ ಜನವರಿ 1ರಿಂದ, ವೈದ್ಯನು ಅನಿವಾರ್ಯವೆಂದು ಕಂಡ ಪ್ರಸಂಗಗಳನ್ನುಳಿದು, ಅದು ನಿಷಿದ್ಧವಾಗಿದೆ. ರೋಗಿಯ ದೃಷ್ಟಿಯಿಂದ ನಿರಪರಾಧಿಯೆಂದು ತೀರ್ಪು ಪಡೆದ ವಸ್ತು ಪರಿಸರದ ನ್ಯಾಯಾಲಯದಲ್ಲಿ ಸೋತಿತೆನ್ನಬಹುದು.

ಚಿನ್ನದ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ನಮ್ಮ ಸ್ಥಪತಿಗಳು ಪಂಚಲೋಹದ ವಿಗ್ರಹಗಳಿಗೆ ಬಳಸುತ್ತ ಬಂದಿರುವ ಮೇಣದೆರಕದ ವಿಧಾನವನ್ನು 1907ರಲ್ಲಿ ಟ್ಯಾಗರ್ಟ್ ಎಂಬಾತನು ಹಲ್ಲಿನ ಕೆಲಸಕ್ಕೆ ಅಳವಡಿಸಿದನು. ಹಾಗೆ ಎರೆದ ಚಿನ್ನದ ಪೂರಣಗಳಷ್ಟು ಬಾಳಿಕೆ ಬರುವ ವಸ್ತು ಇಂದಿಗೂ ಮತ್ತೊಂದಿಲ್ಲವೆಂದು ಹಿರಿಯ ದಂತವೈದ್ಯರು ಹೇಳುವುದುಂಟು. ಅದರ ಬೆಲೆ ಮತ್ತು ಬಣ್ಣ ಎರಡೂ ಅದನ್ನು ಸೋಲಿಸಿದುವು.

ಈ ವಿದ್ಯೆಯ ದಿಕ್ಕನ್ನೇ ತಿರುಗಿಸಿದ ಘಟನೆಯೆಂದರೆ 1955ರಲ್ಲಿ ಪ್ರಕಟವಾದ ಕೆಲವೇ ಪುಟಗಳ ಒಂದು ಲೇಖನ. ಅಮೆರಿಕದ ರಾಚೆಸ್ಟರ್ ನಗರದ ಮೈಕೆಲ್ ಬ್ಯುನಕೋರ್ ಎಂಬ ದಂತವಿಜ್ಞಾನಿ, ಲೋಹದ ಹಲಗೆಗಳಿಗೆ ಬಣ್ಣ ಚೆನ್ನಾಗಿ ಅಂಟಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲವನ್ನು ಸವರುವ ವಾಡಿಕೆಯನ್ನು ಗಮನಿಸಿ, ಅದೇ ಆಮ್ಲವನ್ನು 85 ಪ್ರತಿಶತ ಸಾಂದ್ರತೆಯಲ್ಲಿ ಎನಾಮೆಲಿನ ಮೇಲೆ ಅರ್ಧ ನಿಮಿಷ ಇಟ್ಟು ತೊಳೆದು, ಆಮೇಲೆ ಅಕ್ರಿಲಿಕ್ ರಾಳದ ಬೊಟ್ಟೊಂದನ್ನು ಅಂಟಿಸಿ ನೋಡಿದನು. ಆಮ್ಲ ಸೋಕದ ಹಲ್ಲಿನಿಂದ ಕೆಲವೇ ಗಂಟೆಗಳಲ್ಲಿ ಉದುರುತ್ತಿದ್ದ ಬೊಟ್ಟು ಇಲ್ಲಿ ಎಷ್ಟೋ ದಿನ ಅಲುಗದೆ ನಿಂತಿತು. ನಯವಾದ ಗೋಡೆಗೆ ಗಾರೆ ಹಿಡಿಯಲೆಂದು ಉಳಿಯಿಂದ ಕಚ್ಚು ಹಾಕುವ ಕೆಲಸವನ್ನು ಇಲ್ಲಿ ಆಮ್ಲ ಮಾಡುತ್ತದೆ: ಎನಾಮೆಲಿನ ಸ್ಫಟಿಕಗಳು ಅಲ್ಲಲ್ಲಿ ಕರಗಿ ಮೈಕ್ರಾನುಗಳ ಆಳದ ಅಸಂಖ್ಯ ರಂಧ್ರಗಳಾಗುತ್ತವೆ, ದ್ರವರೂಪದ ರಾಳ ಅವುಗಳೊಳಕ್ಕೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ದುಡಿಯುತ್ತಿದ್ದ ರಾಫೇಲ್ ಬೋವೆನ್ ಎಂಬ ದಂತವೈದ್ಯನು ಬಿಸ್-ಜಿಎಂಎ ಎಂಬ ಹೊಸ ರಾಳವನ್ನು ರಚಿಸಿ, ಸಿಲೇನ್ ಎಂಬ ಬೆಸುಗೆದ್ರವ್ಯವನ್ನು ಲೇಪಿಸಿದ ಸಿಲಿಕಾ ಕಣಗಳನ್ನು ಅದರಲ್ಲಿ ಬೆರೆಸಿ, 1962ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಅಂಟಿಸುವ ಉಪಾಯ ಒಬ್ಬನಿಂದ, ಅಂಟಬೇಕಾದ ವಸ್ತು ಮತ್ತೊಬ್ಬನಿಂದ: ಈ ಎರಡರ ಸಂಯೋಗವೇ ಇಂದು ಕಾಂಪೊಸಿಟ್ ಎಂದು ಎಲ್ಲರೂ ಕರೆಯುವ, ರೋಗಿಗಳ ಬಾಯಲ್ಲಿ ‘ಹಲ್ಲಿನ ಕಲರಿನ ಸಿಮೆಂಟು’ ಆಗಿರುವ ಪೂರಣ.

ಇದು ಕಾರ್ಯರೂಪದಲ್ಲಿ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಆಟವಾಡುತ್ತ ಬಿದ್ದ ಹುಡುಗನೊಬ್ಬ ಮೇಲಿನ ಬಾಚಿಹಲ್ಲಿನ ಮೂಲೆಯನ್ನು ಮುರಿದುಕೊಂಡು ಬಂದಿದ್ದಾನೆಂದು ಇಟ್ಟುಕೊಳ್ಳೋಣ. ವೈದ್ಯನು ಮೊದಲು ಮಾಡುವುದು ಬಣ್ಣದ ಆಯ್ಕೆ. ಏಕೆಂದರೆ ಹಲ್ಲು ಕೆಲವು ನಿಮಿಷ ಒಣಗಿದರೂ ಬಿಳುಪೇರಿ ಕಣ್ಣನ್ನು ವಂಚಿಸುತ್ತದೆ. ಬಳಿಕ ರಬ್ಬರಿನ ತೆಳುಹಾಳೆಯೊಂದನ್ನು ಹಲ್ಲಿನ ಕತ್ತಿಗೆ ತೊಡಿಸಿ ಜೊಲ್ಲನ್ನೂ ಉಸಿರಿನ ತೇವವನ್ನೂ ದೂರವಿಟ್ಟು, ಮುರಿದ ಅಂಚನ್ನು ಓರೆಯಾಗಿ ಹೆರೆದು, ಸುಮಾರು 37 ಪ್ರತಿಶತದ ಫಾಸ್ಫಾರಿಕ್ ಆಮ್ಲದ ಬಣ್ಣದ ಲೇಹ್ಯವನ್ನು ಹದಿನೈದರಿಂದ ಮೂವತ್ತು ಸೆಕೆಂಡು ಹಚ್ಚುತ್ತಾನೆ. ತೊಳೆದು ಒಣಗಿಸಿದಾಗ ಹೊಳೆಯುತ್ತಿದ್ದ ಎನಾಮೆಲು ಹಿಮ ಕವಿದ ಗಾಜಿನಂತೆ ಮಂಕಾಗಿರಬೇಕು. ಆಗಿಲ್ಲದಿದ್ದರೆ ಆಮ್ಲ ತನ್ನ ಕೆಲಸ ಮಾಡಿಲ್ಲವೆಂದೇ ಅರ್ಥ. ಮೇಲೆ ಅಂಟುದ್ರವವನ್ನು ತಿಕ್ಕಿ, ಗಾಳಿಯೂದಿ, ನೀಲಿ ಬೆಳಕಿನಿಂದ ಗಟ್ಟಿಮಾಡಿದ ತರುವಾಯ, ಒಳಗೆ ಡೆಂಟಿನಿನಂತೆ, ಅಂದರೆ ಎನಾಮೆಲಿನ ಕೆಳಗಿನ ದಂತಭಾಗದಂತೆ, ಅಪಾರದರ್ಶಕವಾದ ಪದರ, ಹೊರಗೆ ಎನಾಮೆಲಿನಂತೆ ಅರೆಪಾರದರ್ಶಕವಾದ ಪದರ, ಹೀಗೆ ಒಂದೊಂದೂ ಎರಡು ಮಿಲಿಮೀಟರಿಗೆ ಮೀರದಂತೆ ಕಟ್ಟುತ್ತ ಹೋಗುತ್ತಾನೆ. ಕಡೆಯಲ್ಲಿ ತೆಳ್ಳನೆಯ ಉಜ್ಜುಬಿಲ್ಲೆಗಳಿಂದ ಮೇಲ್ಮೈಯ ಉಬ್ಬುತಗ್ಗುಗಳನ್ನು ಪಕ್ಕದ ಹಲ್ಲಿಗೆ ಸಮನಾಗಿ ಮೂಡಿಸಿದನೆಂದರೆ, ಮುರಿದದ್ದು ಎಲ್ಲಿ ಎಂಬುದು ತಾಯಿಗೂ ಗುರುತು ಸಿಗದು. ಇಷ್ಟಕ್ಕೆಲ್ಲ ಹುಡುಗನು ಕಳೆದುಕೊಂಡ ನಿಜದಂತ, ಅಂಚಿನ ಓರೆಯಷ್ಟು ಮಾತ್ರ.

ಎನಾಮೆಲಿನಲ್ಲಿ ಸುಲಭವಾಗಿ ಗೆದ್ದ ಅಂಟು ಡೆಂಟಿನಿನಲ್ಲಿ ಬಹುಕಾಲ ಸೋತಿತು. ಡೆಂಟಿನ್ ಸಜೀವ ಧಾತು. ಅದರ ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಸೂಕ್ಷ್ಮನಾಳಗಳು ತಿರುಳಿನಿಂದ ಹೊರಟು ಬರುತ್ತವೆ, ಅವುಗಳಲ್ಲಿ ದ್ರವ ಸದಾ ಒಸರುತ್ತಿರುತ್ತದೆ. ನೀರನ್ನು ದ್ವೇಷಿಸುವ ರಾಳವನ್ನು ಅಲ್ಲಿ ಅಂಟಿಸುವುದು ಹೇಗೆ? ಡೆಂಟಿನಿಗೆ ಆಮ್ಲ ಸೋಕಿದರೆ ತಿರುಳು ಸಾಯುವುದೆಂಬ ನಂಬಿಕೆ ಪಾಶ್ಚಾತ್ಯರಲ್ಲಿ ಬಲವಾಗಿದ್ದ ಕಾಲದಲ್ಲಿ, ಟೋಕಿಯೋ ನಗರದ ಫುಸಯಾಮ ಎನಾಮೆಲು ಡೆಂಟಿನ್ ಎರಡಕ್ಕೂ ಒಟ್ಟಿಗೆ ಆಮ್ಲ ಹಚ್ಚುವ ಧೈರ್ಯಮಾಡಿದನು. 1982ರಲ್ಲಿ ಅದೇ ನಾಡಿನ ನಕಬಯಾಶಿ, ಆಮ್ಲದಿಂದ ಖನಿಜ ಕಳೆದುಕೊಂಡು ಬರಿದಾದ ಕೊಲ್ಯಾಜೆನ್ ತಂತುಗಳ ಜಾಲದೊಳಕ್ಕೆ ರಾಳ ಇಳಿದು ಅರ್ಧ ಹಲ್ಲು ಅರ್ಧ ರಾಳವಾದ ಸಂಕರಪದರವೊಂದನ್ನು ನಿರ್ಮಿಸುತ್ತದೆಂದು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟನು. ಆಮ್ಲ ತೊಳೆದ ಮೇಲೆ ಡೆಂಟಿನನ್ನು ಪೂರ್ತಿ ಒಣಗಿಸಿದರೆ ಆ ತಂತುಗಳು ಕುಸಿದು ರಾಳಕ್ಕೆ ದಾರಿ ಮುಚ್ಚುವುದರಿಂದ ಅದನ್ನು ತುಸು ತೇವವಾಗಿಯೇ ಬಿಡಬೇಕೆಂಬ ವಿಚಿತ್ರ ಸಂಗತಿ 1990ರ ದಶಕದ ಮೊದಲಲ್ಲಿ ಗೊತ್ತಾಯಿತು. ಎಷ್ಟು ತೇವ ಸಾಕು, ಎಷ್ಟು ಹೆಚ್ಚು ಎಂಬುದು ಮಾತ್ರ ಇಂದಿಗೂ ಕೈಗುಣದ ಮಾತೇ ಆಗಿದೆ. ಈ ಗೊಡವೆಯನ್ನು ತಪ್ಪಿಸಲು ಆಮ್ಲವನ್ನೂ ಅಂಟನ್ನೂ ಒಂದೇ ಸೀಸೆಯಲ್ಲಿ ಕೂಡಿಸುವ, ಹಲ್ಲಿನ ಕ್ಯಾಲ್ಸಿಯಮಿನೊಡನೆ ರಾಸಾಯನಿಕವಾಗಿ ಬೆಸೆಯುವ ಎಂಡಿಪಿ ಎಂಬ ಅಣುವನ್ನುಳ್ಳ ಅಂಟುಗಳು ಜಪಾನಿನಲ್ಲಿ ಹುಟ್ಟಿ ಈಗ ಎಲ್ಲ ಕಡೆಯೂ ರೂಢಿಗೆ ಬಂದಿವೆ.

ಆದರೂ ಶತ್ರು ಒಳಗೇ ಇದ್ದನು. ಡೆಂಟಿನಿನಲ್ಲಿ ಹುಟ್ಟಿನಿಂದಲೇ ಹುದುಗಿರುವ ಕೆಲವು ಕಿಣ್ವಗಳು ಆಮ್ಲದ ಸ್ಪರ್ಶದಿಂದ ಎಚ್ಚೆತ್ತು, ರಾಳ ಪೂರ್ತಿಯಾಗಿ ಆವರಿಸದೆ ಬಿಟ್ಟ ಕೊಲ್ಯಾಜೆನ್ ತಂತುಗಳನ್ನು ತಿಂಗಳುಗಟ್ಟಲೆ ಮೇಯುತ್ತವೆಂದು 2004ರಲ್ಲಿ ಪ್ಯಾಶ್ಲಿ ಮತ್ತು ಅವನ ಸಹೋದ್ಯೋಗಿಗಳು ತೋರಿಸಿದರು. ಮೊದಲ ದಿನ ಅತ್ಯಂತ ಬಲವಾಗಿದ್ದ ಬೆಸುಗೆ ಕ್ರಮೇಣ ದುರ್ಬಲವಾಗುವುದರ ಒಂದು ಮುಖ್ಯ ಕಾರಣ ಇದು. ಬಾಯಿ ಮುಕ್ಕಳಿಸಲು ಬಳಸುವ ಕ್ಲೋರ್‌ಹೆಕ್ಸಿಡೀನ್ ಈ ಕಿಣ್ವಗಳನ್ನು ತಡೆಯಬಲ್ಲುದೆಂದು ಪ್ರಯೋಗಾಲಯಗಳಲ್ಲಿ ಕಂಡಿದೆ. ರೋಗಿಯ ಬಾಯಲ್ಲಿ ಅದರ ಪ್ರಯೋಜನ ಅಷ್ಟು ಖಚಿತವಾಗಿ ತೋರಿಬಂದಿಲ್ಲ.

ಕಾಂಪೊಸಿಟಿನ ಮತ್ತೊಂದು ಜನ್ಮದೋಷ ಸಂಕೋಚನ. ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುವಾಗ ಗಾತ್ರದಲ್ಲಿ ನೂರಕ್ಕೆ ಎರಡು ಮೂರು ಪಾಲು ಕುಗ್ಗುತ್ತವೆ. ಆ ಎಳೆತಕ್ಕೆ ಒಂದೋ ಅಂಚು ಬಿರಿಯಬೇಕು, ಇಲ್ಲವೆ ಹಲ್ಲಿನ ಗೋಡೆ ಬಾಗಬೇಕು. ಪದರಪದರವಾಗಿ ತುಂಬುವ ತಾಳ್ಮೆಯ ಪದ್ಧತಿ ಹುಟ್ಟಿದ್ದು ಬೆಳಕು ಆಳಕ್ಕೆ ಇಳಿಯದೆಂಬುದರ ಜೊತೆಗೆ ಈ ಎಳೆತದ ಭಯದಿಂದಲೂ ಹೌದು. 1970ರ ದಶಕದಲ್ಲಿ ನೇರಳಾತೀತ ಕಿರಣಗಳಿಂದ ಆರಂಭವಾದ ಬೆಳಕಿನಿಂದ ಗಟ್ಟಿಮಾಡುವ ಕ್ರಮ, ಆಮೇಲೆ ಸುಮಾರು 470 ನ್ಯಾನೊಮೀಟರಿನ ನೀಲಿ ಬೆಳಕಿಗೆ ಬಂದು ನಿಂತಿತು. 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಗಳಿಸಿಕೊಟ್ಟ ನೀಲಿ ಎಲ್‌ಇಡಿಯನ್ನು ಹಲ್ಲಿನ ಕೆಲಸಕ್ಕೆ ತರುವ ಮಾತು 1995ರಷ್ಟು ಹಿಂದೆಯೇ ಕೇಳಿಬಂದಿತ್ತು. ಒಂದೇ ಸಲಕ್ಕೆ ನಾಲ್ಕು ಮಿಲಿಮೀಟರು ತುಂಬಬಹುದಾದ ಕಾಂಪೊಸಿಟುಗಳು ಈಗ ಧಾರಾಳವಾಗಿ ದೊರೆಯುತ್ತವೆ. ಅವುಗಳ ಬಾಳಿಕೆ ಪದರದ ಪೂರಣಗಳಿಗಿಂತ ಕಡಿಮೆಯೆಂದು ತೋರಿಬಂದಿಲ್ಲವಾದ ಕಾರಣ, ಕಾಯುವ ರೋಗಿಗಳ ಸಾಲು ಉದ್ದವಾಗಿರುವ ಚಿಕಿತ್ಸಾಲಯಗಳಲ್ಲಿ ಅವು ಸ್ವಾಗತಾರ್ಹವೇ.

ಹಾಗಾದರೆ ಕಾಂಪೊಸಿಟ್ ಅಮಾಲ್ಗಮಿಗಿಂತ ಮೇಲೋ? ಸೌಂದರ್ಯದಲ್ಲಿ, ದಂತರಕ್ಷಣೆಯಲ್ಲಿ ಸಂದೇಹವಿಲ್ಲದೆ ಮೇಲು. ಬಾಳಿಕೆಯಲ್ಲಿ ಉತ್ತರ ಅಷ್ಟು ಹಿತಕರವಲ್ಲ. ಮೇಲೆ ಹೇಳಿದ ಲಿಸ್ಬನ್ನಿನ ಮಕ್ಕಳ ದವಡೆಹಲ್ಲುಗಳಲ್ಲಿ ಏಳು ವರ್ಷಗಳ ಕೊನೆಗೆ ನೂರಕ್ಕೆ 94.4 ಅಮಾಲ್ಗಮ್ ಪೂರಣಗಳು ಉಳಿದಿದ್ದರೆ, ಕಾಂಪೊಸಿಟಿನಲ್ಲಿ ಉಳಿದದ್ದು 85.5, ಪೂರಣದ ಅಂಚಿನಲ್ಲಿ ಮರಳಿ ಹುಳುಕು ಹಿಡಿಯುವ ಸಂಭವ ಕಾಂಪೊಸಿಟಿನಲ್ಲಿ ಮೂರೂವರೆ ಪಟ್ಟು. ಇತ್ತ ನುರಿತ ವೈದ್ಯರ ಕೈಯಲ್ಲಿ, ಹುಳುಕಿನ ಹಾವಳಿ ಕಡಿಮೆಯಿರುವ ವಯಸ್ಕರಲ್ಲಿ, ದವಡೆಹಲ್ಲಿನ ಕಾಂಪೊಸಿಟುಗಳು ವರ್ಷಕ್ಕೆ ನೂರಕ್ಕೆ ಒಂದರಿಂದ ಮೂರರಂತೆ ಮಾತ್ರ ಕೆಡುತ್ತವೆಂದು ದೀರ್ಘಕಾಲದ ಪರಿಶೀಲನೆಗಳು ಹೇಳುತ್ತವೆ. ಈ ಎರಡು ಹೇಳಿಕೆಗಳಲ್ಲಿ ವಿರೋಧವಿಲ್ಲ. ಪೂರಣದ ಆಯುಸ್ಸನ್ನು ನಿರ್ಣಯಿಸುವುದರಲ್ಲಿ ದ್ರವ್ಯಕ್ಕಿಂತ ಮಿಗಿಲಾದ ಪಾತ್ರ ರೋಗಿಯ ಆಹಾರಕ್ಕೂ ಹಲ್ಲುಜ್ಜುವ ಅಭ್ಯಾಸಕ್ಕೂ ವೈದ್ಯನ ಕೈಗೂ ಇದೆಯೆಂಬುದು ಈ ಅಂಕಿಗಳನ್ನು ಜೊತೆಗಿಟ್ಟು ನೋಡಿದವರಿಗೆ ವೇದ್ಯವಾಗುತ್ತದೆ. ಆದರೆ ಔಷಧಸಂಸ್ಥೆಗಳ ಪ್ರಚಾರಪತ್ರಗಳಲ್ಲಿ ಈ ಸಂಗತಿಗೆ ಸ್ಥಳ ಸಿಕ್ಕುವುದು ಅಪೂರ್ವ.

ಬಡವರ ಬಾಯಿಗೆ ಉಪಕಾರ ಮಾಡಿದ ದ್ರವ್ಯ ಬೇರೆಯೇ. ಲಂಡನ್ನಿನ ಸರಕಾರಿ ರಸಾಯನ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬವರು, ಫ್ಲೋರೈಡುಳ್ಳ ಒಂದು ಬಗೆಯ ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದೊಡನೆ ಕಲಸಿ ತಯಾರಿಸಿದ ಗ್ಲಾಸ್ ಅಯನೋಮರ್ ಸಿಮೆಂಟನ್ನು 1972ರಲ್ಲಿ ಲೋಕಕ್ಕೆ ಪರಿಚಯಿಸಿದರು. ಇದಕ್ಕೆ ಬೇರೆ ಅಂಟು ಬೇಡ. ಹಲ್ಲಿನ ಕ್ಯಾಲ್ಸಿಯಮಿನೊಂದಿಗೆ ತಾನೇ ಬೆಸೆದುಕೊಳ್ಳುತ್ತದೆ, ಸ್ವಲ್ಪ ತೇವವನ್ನು ಸಹಿಸುತ್ತದೆ, ಫ್ಲೋರೈಡನ್ನು ಬಿಡುಗಡೆ ಮಾಡುತ್ತ ಇರುತ್ತದೆ. ಬಗ್ಗಿಸುವ ಒತ್ತಡ ಬಿದ್ದರೆ ಮುರಿಯುವುದು, ಸವೆಯುವುದು, ಕಾಂಪೊಸಿಟಿನ ಕಾಂತಿ ಇಲ್ಲದಿರುವುದು ಇದರ ಕುಂದುಗಳು. 1980ರ ದಶಕದ ನಡುವೆ ತಾಂಜಾನಿಯದಲ್ಲಿ ಡಚ್ ದಂತವೈದ್ಯ ಯೋ ಫ್ರೆಂಕನ್, ವಿದ್ಯುತ್ತೂ ಕೊರೆಯಂತ್ರವೂ ಇಲ್ಲದ ಹಳ್ಳಿಗಳಲ್ಲಿ ಮೆತ್ತಗಾದ ಹುಳುಕನ್ನು ಕೈಸಲಕರಣೆಯಿಂದಲೇ ಕೆರೆದು ತೆಗೆದು ಇಂಥ ಸಿಮೆಂಟನ್ನು ಬೆರಳಿನಿಂದ ಒತ್ತಿ ತುಂಬುವ ಪದ್ಧತಿಯನ್ನು ರೂಪಿಸಿದನು. ಸೂಜಿಯಿಲ್ಲ, ಯಂತ್ರದ ಕರ್ಕಶ ಧ್ವನಿಯಿಲ್ಲ. ಮಕ್ಕಳು ಅಳದೆ ಕುಳಿತುಕೊಳ್ಳುತ್ತಾರೆ. ಬಡನಾಡಿನ ತಾತ್ಕಾಲಿಕ ಉಪಾಯವೆಂದು ಮೊದಲು ಮೂಗು ಮುರಿದ ಶ್ರೀಮಂತ ದೇಶಗಳು, ಆಳದಲ್ಲಿ ಉಳಿದ ಸ್ವಲ್ಪ ಹುಳುಕನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಅದು ಮುಂದುವರಿಯದೆ ನಿಲ್ಲುತ್ತದೆಂಬುದು ಅವರ ಸ್ವಂತ ಸಂಶೋಧನೆಗಳಿಂದಲೂ ದೃಢಪಟ್ಟ ಮೇಲೆ, ತಾವೂ ಇದನ್ನು ಪಾಠವಾಗಿ ಬೋಧಿಸತೊಡಗಿದುವು. ಹುಳುಕಿದ ಭಾಗಕ್ಕೆ ಹಚ್ಚಿದರೆ ಅದರ ಓಟವನ್ನು ನಿಲ್ಲಿಸುವ, ಆದರೆ ಅಲ್ಲಿಯೇ ಕಾಡಿಗೆಗಪ್ಪು ಕಲೆಯನ್ನುಳಿಸುವ ಸಿಲ್ವರ್ ಡೈಅಮೀನ್ ಫ್ಲೋರೈಡನ್ನೂ ಈ ಸಿಮೆಂಟನ್ನೂ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಮಾಲ್ಗಮಿನ ಸ್ಥಾನ ತೆರವಾದಾಗ ಅಲ್ಲಿಗೆ ಬರಲು ನ್ಯಾಯವಾದ ಅಧಿಕಾರ ಇವಕ್ಕಿದೆಯೆಂದು ನನಗೆ ತೋರುತ್ತದೆ.

ಇನ್ನು ಅಲಂಕಾರದ ಪ್ರಶ್ನೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನಲ್ಲಿ ಕಟ್ಟುಹಲ್ಲಿಗೆಂದು ಬಾಯನ್ನು ಪ್ರವೇಶಿಸಿದ ಪಿಂಗಾಣಿ, ಅದರ ಮುಂದಿನ ಶತಮಾನದ ಕೊನೆಗೆ ಡೆಟ್ರಾಯಿಟಿನ ಚಾರ್ಲ್ಸ್ ಲ್ಯಾಂಡ್ ಎಂಬಾತನ ಕೈಯಲ್ಲಿ ಒಂಟಿಹಲ್ಲಿನ ಕವಚವಾಯಿತು. ಈ ಲ್ಯಾಂಡನ ಮಗಳ ಮಗನೇ ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ಹಾರಿ ದಾಟಿದ ಲಿಂಡ್‌ಬರ್ಗ್. 1930ರ ಸುಮಾರಿನಲ್ಲಿ ಹಾಲಿವುಡ್ಡಿನ ನಟನಟಿಯರಿಗಾಗಿ ಚಾರ್ಲ್ಸ್ ಪಿಂಕಸ್ ತೆಳುವಾದ ಹಲ್ಲಿನ ಮುಖವಾಡಗಳನ್ನು ಮಾಡಿ, ಕಟ್ಟುಹಲ್ಲಿನ ಅಂಟುಪುಡಿಯಿಂದ ಚಿತ್ರೀಕರಣದ ಹೊತ್ತಿಗೆ ಮಾತ್ರ ನಿಲ್ಲಿಸಿಕೊಡುತ್ತಿದ್ದನು. ಊಟದ ವೇಳೆಗೆ ಅವನ್ನು ತೆಗೆದಿಡಬೇಕಾಗಿತ್ತು. ಪಿಂಗಾಣಿಯ ಒಳಮೈಯನ್ನು ಹೈಡ್ರೋಫ್ಲೋರಿಕ್ ಆಮ್ಲದಿಂದ ಕೊರೆದು ಎನಾಮೆಲಿಗೆ ರಾಳದಿಂದ ಬೆಸೆಯಬಹುದೆಂದು 1983ರಲ್ಲಿ ತೋರಿಬಂದ ಮೇಲೆ ಈ ಮುಖವಾಡ ಶಾಶ್ವತವಾಯಿತು. ವೆನೀರ್ ಎಂದು ಇಂದು ಪೇಟೆಯ ಫಲಕಗಳಲ್ಲಿ ಕಾಣುವುದು ಇದೇ. ಪೂರ್ಣಕವಚಕ್ಕಾಗಿ, ಜನ ಕ್ಯಾಪು ಎನ್ನುವುದಕ್ಕಾಗಿ, ಮುಂಭಾಗದ ಹಲ್ಲೊಂದನ್ನು ಹೆರೆದರೆ ಕಣ್ಣಿಗೆ ಕಾಣುವ ಭಾಗದ ತೂಕದಲ್ಲಿ ನೂರಕ್ಕೆ 63ರಿಂದ 72 ಪಾಲು ಹೋಗುತ್ತದೆ, ವೆನೀರಿಗಾದರೆ 3ರಿಂದ 30 ಪಾಲು ಎಂಬುದನ್ನು 2002ರಲ್ಲಿ ಎಡೆಲ್‌ಹಾಫ್ ಮತ್ತು ಸೋರೆನ್‌ಸೆನ್ ತೂಗಿ ತೋರಿಸಿದ್ದಾರೆ. ಈ ಅಂಕಿಗಳನ್ನು ಮದುವೆಗೆ ಮುನ್ನ ‘ನಗುವಿನ ವಿನ್ಯಾಸ’ಕ್ಕೆಂದು ಹೋಗುವ ಪ್ರತಿಯೊಬ್ಬ ತರುಣ ತರುಣಿಗೂ ತಿಳಿಸಿ ಹೇಳಬೇಕಾದದ್ದು ವೈದ್ಯಧರ್ಮ. ಅಂಚು ಎನಾಮೆಲಿನಲ್ಲಿಯೇ ನಿಂತ ವೆನೀರು ಹತ್ತಾರು ವರ್ಷ ಬಾಳುತ್ತದೆ. ಡೆಂಟಿನಿನವರೆಗೆ ಹೆರೆದು ಅಂಟಿಸಿದ್ದು ಬೇಗ ಕಳಚುತ್ತದೆ.

ಪಿಂಗಾಣಿಯ ಬಲವೂ ಬೆಳೆದಿದೆ. ಲಿಥಿಯಂ ಡೈಸಿಲಿಕೇಟಿನ ಗಾಜುಪಿಂಗಾಣಿ ಬಾಗುವಿಕೆಯಲ್ಲಿ ಸುಮಾರು 400 ಮೆಗಾಪಾಸ್ಕಲ್ ತಾಳಿದರೆ, ಜಿರ್ಕೋನಿಯ ಸಾವಿರದ ಹತ್ತಿರ ತಾಳುತ್ತದೆ. ಜಿರ್ಕೋನಿಯದಲ್ಲಿ ಬಿರುಕು ಮುಂದುವರಿಯುವೆಡೆಯ ಸ್ಫಟಿಕಗಳು ರೂಪ ಬದಲಿಸಿ ಗಾತ್ರದಲ್ಲಿ ನೂರಕ್ಕೆ ನಾಲ್ಕೈದು ಪಾಲು ಹಿಗ್ಗಿ, ಬಿರುಕಿನ ಬಾಯನ್ನು ತಾವೇ ಹಿಸುಕಿ ಮುಚ್ಚುತ್ತವೆ. 1985ರಲ್ಲಿ ಜೂರಿಕ್ಕಿನಲ್ಲಿ ಮೊರ್ಮನ್ ಮತ್ತು ಬ್ರಾಂಡೆಸ್ಟಿನಿ ಯಂತ್ರಗಣಕದಿಂದ ಕಡೆದ ಮೊದಲ ಪೂರಣವನ್ನು ರೋಗಿಯ ಬಾಯಲ್ಲಿ ಕೂರಿಸಿದಂದಿನಿಂದ, ಅಚ್ಚು ತೆಗೆದು ವಾರ ಕಾಯುವ ಕ್ರಮ ಅನೇಕ ಕಡೆ ಹಿಂದಾಯಿತು.

ಬಿಳುಪುಗೊಳಿಸುವ ವಿಷಯದಲ್ಲಿ ಸಾಕ್ಷ್ಯ ಸಾಕಷ್ಟು ಸ್ಪಷ್ಟವಾಗಿದೆ. 1989ರಲ್ಲಿ ಹೇವುಡ್ ಮತ್ತು ಹೇಮನ್ ವರದಿಮಾಡಿದ, 10 ಪ್ರತಿಶತದ ಕಾರ್ಬಮೈಡ್ ಪೆರಾಕ್ಸೈಡನ್ನು ಹಲ್ಲಿನಚ್ಚಿನ ತಟ್ಟೆಯಲ್ಲಿಟ್ಟು ರಾತ್ರಿ ತೊಡುವ ವಿಧಾನ ಇಂದಿಗೂ ಅತ್ಯಂತ ಪರೀಕ್ಷಿತವಾದದ್ದು. ಕೆಲದಿನದ ಜುಮ್ಮುನೋವನ್ನು ಬಿಟ್ಟರೆ ಅದರಿಂದ ಹೆಚ್ಚಿನ ಹಾನಿ ಕಂಡಿಲ್ಲ, ಕಾಲಕ್ರಮದಲ್ಲಿ ಬಣ್ಣ ಸ್ವಲ್ಪ ಮರಳುತ್ತದೆ. ಯೂರೋಪಿನಲ್ಲಿ 2012ರಿಂದ 0.1 ಪ್ರತಿಶತಕ್ಕೆ ಮೀರಿದ ಹೈಡ್ರೋಜನ್ ಪೆರಾಕ್ಸೈಡಿನ ಪದಾರ್ಥಗಳನ್ನು ವೈದ್ಯನ ಮೂಲಕವಲ್ಲದೆ ಮಾರುವಂತಿಲ್ಲ. ಇದ್ದಿಲಿನ ಪುಡಿಯಿಂದ ಹಲ್ಲು ಬೆಳ್ಳಗಾಗುವುದೆಂಬ ಹಳೆಯ ನಂಬಿಕೆ ಹೊಸ ಡಬ್ಬಿಗಳಲ್ಲಿ ಮರಳಿ ಬಂದಿರುವುದನ್ನು ಕಂಡರೆ ನಗು ಬರುತ್ತದೆ. ಅದು ಮೇಲಿನ ಕಲೆಯೊಂದಿಗೆ ಮೈಯನ್ನೂ ಉಜ್ಜಿ ತೆಗೆಯುತ್ತದೆ.

ಕರ್ನಾಟಕದ ಮಟ್ಟಿಗೆ ಅಲಂಕಾರದ ದಂತಚಿಕಿತ್ಸೆ ಬರಿಯ ಶೋಕಿಯ ಮಾತಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ ಮೊದಲಾದ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವ ಶೈಶವದ ವರ್ಷಗಳಲ್ಲಿ ಈ ನೀರನ್ನು ಕುಡಿದ ಮಕ್ಕಳ ಹಲ್ಲುಗಳು ಸುಣ್ಣದ ಬಿಳುಪಿನ ಮಚ್ಚೆಗಳಿಂದ, ಉಗ್ರವಾದರೆ ಕಂದು ಪಟ್ಟೆಗಳಿಂದಲೂ ಗುಳಿಗಳಿಂದಲೂ ಮೂಡುತ್ತವೆ. ಶಾಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಮಗುವಿಗೆ ಇದು ಅಲ್ಪ ದುಃಖವಲ್ಲ. ಇಂಥ ಬಿಳಿಮಚ್ಚೆಯ ಗುಟ್ಟು ಬೆಳಕಿನ ವಕ್ರೀಭವನದಲ್ಲಿದೆ. ಎನಾಮೆಲಿನ ವಕ್ರೀಭವನಾಂಕ 1.62, ಅದರ ಹೊರಪದರದ ಕೆಳಗಿನ ರಂಧ್ರಗಳಲ್ಲಿ ನೀರಿದ್ದರೆ ಅಲ್ಲಿ 1.33, ಒಣಗಿ ಗಾಳಿ ತುಂಬಿದರೆ 1.0. ಅಂತರ ಹೆಚ್ಚಿದಷ್ಟೂ ಬೆಳಕು ಚದರಿ ಮಚ್ಚೆ ಮತ್ತಷ್ಟು ಬೆಳ್ಳಗೆ ಕಾಣುತ್ತದೆ. ಜರ್ಮನಿಯ ಸಂಶೋಧಕರು 2009ರ ಸುಮಾರಿಗೆ ಬಳಕೆಗೆ ತಂದ ರಾಳಸಂಚಾರದ ವಿಧಾನದಲ್ಲಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಮೇಲಿನ ಗಡಸು ಪದರವನ್ನು ತೆರೆದು, ಮದ್ಯಸಾರದಿಂದ ರಂಧ್ರಗಳನ್ನು ಒಣಗಿಸಿ, 1.52ರಷ್ಟು ವಕ್ರೀಭವನಾಂಕವುಳ್ಳ ತೆಳುರಾಳವನ್ನು ಅವುಗಳೊಳಕ್ಕೆ ಹೀರಿಸುತ್ತಾರೆ. ಮಚ್ಚೆ ಕಣ್ಣೆದುರಿಗೇ ಮಸುಕಾಗಿ ಸುತ್ತಣ ಎನಾಮೆಲಿನಲ್ಲಿ ಬೆರೆತುಹೋಗುತ್ತದೆ. ಕೊರೆಯುವ ಮಾತೇ ಇಲ್ಲ. ಕಂದುಕಲೆಗೆ ಆಮ್ಲವನ್ನೂ ಉಜ್ಜುಪುಡಿಯನ್ನೂ ಕೂಡಿಸಿ ತಿಕ್ಕುವ ವಿಧಾನ, ಅದಕ್ಕೂ ಬಗ್ಗದಿದ್ದರೆ ಬಿಳುಪುಗೊಳಿಸುವುದು, ಗುಳಿ ಬಿದ್ದಲ್ಲಿ ಕಾಂಪೊಸಿಟ್, ಎಲ್ಲಕ್ಕೂ ಕಡೆಯಲ್ಲಿ ವೆನೀರು ಎಂಬ ಕ್ರಮ ಸರಿಯಾದದ್ದು. ಫ್ಲೋರೈಡು ಹೆಚ್ಚಿದ ಎನಾಮೆಲಿನ ಮೇಲ್ಪದರ ಆಮ್ಲಕ್ಕೆ ಬಗ್ಗದಷ್ಟು ಬಿರುಸಾಗಿರುವುದರಿಂದ, ಅಮೆರಿಕದ ಹಲ್ಲುಗಳಿಗಾಗಿ ಬರೆದ ಹದಿನೈದು ಸೆಕೆಂಡಿನ ಸೂಚನೆ ತುಮಕೂರು ಜಿಲ್ಲೆಯ ಪಾವಗಡದ ಹಲ್ಲಿಗೆ ಸಾಲದೆಹೋಗಬಹುದು.

ಈ ಮಾತು ಸಂಶೋಧನೆಯ ರೀತಿಯನ್ನು ಕುರಿತ ಒಂದು ಆಕ್ಷೇಪಕ್ಕೆ ದಾರಿಮಾಡಿಕೊಡುತ್ತದೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಸರಕಾರಿ ದಂತ ಕಾಲೇಜು, 1965ರ ಮಣಿಪಾಲದ ಕಾಲೇಜು ಮೊದಲ್ಗೊಂಡು ನಮ್ಮ ರಾಜ್ಯದಲ್ಲಿ ದಂತಶಿಕ್ಷಣ ಬಹಳವಾಗಿ ಬೆಳೆದಿದ್ದರೂ, ಸ್ನಾತಕೋತ್ತರ ಪ್ರಬಂಧಗಳಲ್ಲಿ ಬಹುಪಾಲು ಕಿತ್ತ ಹಲ್ಲುಗಳ ಮೇಲೆ ಪ್ರಯೋಗಾಲಯದಲ್ಲಿ ನಡೆದವು. ವಕ್ರದಂತದ ಚಿಕಿತ್ಸೆಗಾಗಿ ಕಿತ್ತ ಎಳೆಯ ಹಲ್ಲನ್ನು ಅಚ್ಚಿನಲ್ಲಿ ಕೂರಿಸಿ, ಎರಡು ಅಂಟುಗಳನ್ನು ಹಚ್ಚಿ, ಯಂತ್ರದಿಂದ ಎಳೆದು, ಯಾವುದು ಎಷ್ಟು ಮೆಗಾಪಾಸ್ಕಲಿಗೆ ಬಿಟ್ಟಿತೆಂದು ಬರೆಯುವುದು ಎರಡು ವರ್ಷಗಳೊಳಗೆ ಮುಗಿಯುವ ಕೆಲಸ. ಅದೇ ಅಂಟನ್ನು ಅಜ್ಜಿಯ ವಸಡಿನಂಚಿನ ಸವೆದ ಹಲ್ಲಿಗೆ ಹಚ್ಚಿ ಐದು ವರ್ಷ ಹಿಂಬಾಲಿಸುವುದು ಮುಗಿಯದ ಕೆಲಸ. ಇದು ನಮ್ಮಲ್ಲಿನ ಕೊರತೆ ಮಾತ್ರವಲ್ಲ. ಐದು ವರ್ಷದ ಫಲಿತಾಂಶ ಪ್ರಕಟವಾಗುವ ವೇಳೆಗೆ ತಯಾರಕರು ಆ ದ್ರವ್ಯವನ್ನು ಹಿಂತೆಗೆದು ಹೊಸ ಹೆಸರಿನದನ್ನು ಮಾರುತ್ತಿರುತ್ತಾರೆ. ಬಳಕೆಯಲ್ಲಿರುವುದಕ್ಕೆ ಪರೀಕ್ಷೆಯಾಗಿಲ್ಲ, ಪರೀಕ್ಷೆಯಾದದ್ದು ಬಳಕೆಯಲ್ಲಿಲ್ಲ ಎಂಬ ಸ್ಥಿತಿ ಲೋಕದಲ್ಲೆಲ್ಲ ಇದೆ.

ದ್ರವ್ಯಗಳ ಚರ್ಚೆಯಲ್ಲಿ ಮರೆತುಹೋಗುವ ಇನ್ನೊಂದು ಪ್ರಶ್ನೆ, ಹಳೆಯ ಪೂರಣವನ್ನು ಯಾವಾಗ ಕಿತ್ತುಹಾಕಬೇಕೆಂಬುದು. ದಂತವೈದ್ಯರ ದುಡಿಮೆಯ ದೊಡ್ಡ ಪಾಲು ಇಂದಿಗೂ ಹಿಂದೆ ತುಂಬಿದ್ದನ್ನು ಬದಲಿಸುವುದರಲ್ಲಿಯೇ ಕಳೆಯುತ್ತದೆ. ಪ್ರತಿ ಬದಲಾವಣೆಗೂ ಕುಳಿ ಒಂದಿಷ್ಟು ಹಿರಿದಾಗಿ, ಸಣ್ಣ ಪೂರಣ ದೊಡ್ಡದಾಗಿ, ದೊಡ್ಡದು ಕ್ಯಾಪಾಗಿ, ಕಡೆಗೆ ಹಲ್ಲೇ ಹೋಗುವ ಸುರುಳಿಯನ್ನು ಇಂಗ್ಲೆಂಡಿನ ಎಲ್ಡರ್ಟನ್ ಬಹಳ ಹಿಂದೆಯೇ ವಿವರಿಸಿದ್ದಾನೆ. ಅಂಚಿನಲ್ಲಿ ಕಂದುಗೆರೆ ಕಂಡಮಾತ್ರಕ್ಕೆ ಅದು ಹುಳುಕಲ್ಲ. ಕಾಫಿಯ, ತಾಂಬೂಲದ ಬಣ್ಣವೂ ಆಗಿರಬಹುದು, ಉಜ್ಜಿ ಮೆರಗುಕೊಟ್ಟರೆ ಹೋಗುತ್ತದೆ. ಒಂದು ಮೂಲೆ ಮುರಿದಿದ್ದರೆ ಅಷ್ಟನ್ನೇ ಅಲ್ಯೂಮಿನದ ನುಣ್ಪುಡಿಯಿಂದ ಒರಟುಮಾಡಿ, ಸಿಲೇನನ್ನೂ ಅಂಟನ್ನೂ ಹಚ್ಚಿ, ಹೊಸ ಕಾಂಪೊಸಿಟಿನಿಂದ ಸರಿಪಡಿಸಬಹುದು. ಇದಕ್ಕೆ ಹಳೆಯ ಪೂರಣ ಯಾವ ದ್ರವ್ಯದ್ದು, ಯಾವ ವರ್ಷದ್ದು ಎಂಬುದು ಗೊತ್ತಿದ್ದರೆ ಅನುಕೂಲ. ಆದರೆ ಕಣ್ಣಿನ ಮಸೂರಕ್ಕೂ ಹೃದಯದ ಸ್ಟೆಂಟಿಗೂ ಚೀಟಿ ಕೊಡುವ ನಮ್ಮ ಆಸ್ಪತ್ರೆಗಳಲ್ಲಿ, ಹಲ್ಲು ತುಂಬಿಸಿಕೊಂಡವನಿಗೆ ಹಣದ ರಸೀದಿಯೊಂದನ್ನು ಬಿಟ್ಟು ಬೇರೆ ಕಾಗದ ಕೊಡುವ ಪದ್ಧತಿ ಇನ್ನೂ ಬಂದಿಲ್ಲ.